ಎದುರು ಸಾಲಿನ ದನಿ

ಗುರುವಾಗಲು, ಅಂದರೆ ಚರ್ಚಿನ ಫಾದರ್ ಆಗಲು, ಓದುವ ಪುಣೆಯ ಸೆಮಿನರಿಗೆ ಬಂದಾಗ ನನಗೆ ಚೆನ್ನಾಗಿ ಹಾಡಲು ಬರುತ್ತದೆ ಅಂತಲೇ ನಂಬಿದ್ದೆ. ಹಾಸನದ ಕಡೆಯ ನಮ್ಮ ಹಳ್ಳಿಯ ಚರ್ಚಿನಲ್ಲಿ ಹಾರ್ಮೋನಿಯಂ ಪಕ್ಕ ನಿಂತೇ ಬೆಳೆದವನು ನಾನು. ಮೊದಲ ವಾರದ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಫಾದರ್ ಕರೆದರು. ಅವರೂ ಕನ್ನಡದವರೇ. "ಅಷ್ಟು ಜೋರು ಬೇಡಪ್ಪಾ. ಮೊದಲು ಎದುರಿನವರನ್ನು ಕೇಳು" ಅಂದರು.

ಚಾಪೆಲಿನಲ್ಲಿ ನಾವು ಎದುರುಬದುರು ಕೂರುತ್ತಿದ್ದೆವು. ಹಾಡುತ್ತಿದ್ದದ್ದು ಬೈಬಲಿನ ಕೀರ್ತನೆಗಳನ್ನು. ಒಂದು ಚರಣ ಈ ಸಾಲಿಗೆ, ಮುಂದಿನದು ಆ ಸಾಲಿಗೆ. ಪುಸ್ತಕದಲ್ಲಿ ಪದಗಳ ನಡುವೆ ಒಂದು ನಕ್ಷತ್ರದ ಗುರುತು ಇರುತ್ತಿತ್ತು. ಅಲ್ಲಿ ಎಲ್ಲರೂ ಒಟ್ಟಿಗೆ ನಿಲ್ಲಿಸಿ ಉಸಿರೆಳೆದುಕೊಳ್ಳಬೇಕು. ಆ ಅರೆಗಳಿಗೆಯಲ್ಲಿ ನಗರ್ ರೋಡಿನ ಲಾರಿ ಸದ್ದು ಒಳಗೆ ಬರುತ್ತಿತ್ತು. ತಾಳವಿಲ್ಲ, ಆಲಾಪವಿಲ್ಲ. ಮಾತು ಒಂದೇ ಸ್ವರದ ಮೇಲೆ ನಡೆದು ಕೊನೆಯಲ್ಲಿ ಸ್ವಲ್ಪ ಬಾಗುತ್ತದೆ, ಅಷ್ಟೇ. ಕೀರ್ತನೆಗಳು ಒಟ್ಟು 150. ಸಂತ ಬೆನೆಡಿಕ್ಟರ ಮಠಗಳಲ್ಲಿ ವಾರದೊಳಗೆ ಎಲ್ಲವನ್ನೂ ಮುಗಿಸಬೇಕಿತ್ತು. ಕ್ಯಾಥೊಲಿಕ್ ಬಿಷಪ್ಪರು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಬಂದ ನಮ್ಮ ಪುಸ್ತಕದ ಸುತ್ತು ನಾಲ್ಕು ವಾರದ್ದು.

ಶುಕ್ರವಾರ ರಾತ್ರಿ ಮಾತ್ರ ತಪ್ಪದೆ 88ನೇ ಕೀರ್ತನೆ. ದುಃಖದ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗಾದರೂ ಭರವಸೆಯ ಕಡೆ ತಿರುಗುತ್ತವೆ. ಇದು ಕತ್ತಲಲ್ಲೇ ನಿಂತುಬಿಡುತ್ತದೆ. ಒಂದು ಶುಕ್ರವಾರ ಫುಟ್‌ಬಾಲ್ ಗೆದ್ದು ಖುಷಿಯಲ್ಲಿದ್ದೆವು. ಇವತ್ತು ಇದನ್ನು ಹಾಡಿದರೆ ಸುಳ್ಳಾಗುವುದಿಲ್ಲವೇ ಅಂತ ಫಾದರನ್ನು ಕೇಳಿದೆ.

"ಇವತ್ತು ಇದು ನಿನ್ನದಲ್ಲ ಕಣಪ್ಪಾ. ಯಾರದೋ ಆಗಿರುತ್ತೆ. ಅವರಿಗೆ ಈಗ ಬಾಯಿ ಬರ್ತಿಲ್ಲ. ನೀನು ಹಾಡು" ಅಂದರು.

ಎರಡು ವರ್ಷದ ಮೇಲೆ ಅಪ್ಪ ತೀರಿಕೊಂಡರು. ಮಣ್ಣು ಮುಗಿಸಿ ಪುಣೆಗೆ ವಾಪಸ್ ಬಂದಿದ್ದು ಒಂದು ಶುಕ್ರವಾರ. ರಾತ್ರಿ ಪುಸ್ತಕ ತೆರೆದೆ, ಒಂದು ಪದವೂ ಹೊರಡಲಿಲ್ಲ. ಎದುರು ಸಾಲು ತನ್ನ ಚರಣ ಮುಗಿಸಿತು. ನಮ್ಮ ಸಾಲು ಎತ್ತಿಕೊಂಡಿತು. ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ. ನಕ್ಷತ್ರದ ಜಾಗದಲ್ಲಿ ಅವರ ಜೊತೆ ಉಸಿರೆಳೆದುಕೊಂಡೆ. ಅವತ್ತು ನನ್ನಿಂದ ಆಗಿದ್ದು ಅದೊಂದೇ.

ನಾನು ಗುರುವಾಗಲಿಲ್ಲ. ಈಗ ಪುಣೆಯಲ್ಲೇ ಕೆಲಸ, ಸಂಸಾರ. ಇಲ್ಲಿ ಚರ್ಚಿನಲ್ಲಿ ಕನ್ನಡದ ಪೂಜೆ ಇದ್ದಾಗ ಬೈಬಲಿನ ಮೊದಲ ವಾಚನದ ನಂತರದ ಕೀರ್ತನೆ ನನ್ನ ಪಾಲಿಗೆ ಬರುತ್ತದೆ. ಕೆಲವು ಕಡೆ ಅದರ ಬದಲು ಎಲ್ಲರಿಗೂ ಗೊತ್ತಿರುವ ಯಾವುದೋ ಭಕ್ತಿಗೀತೆ ಹಾಡಿಬಿಡುತ್ತಾರೆ. ನನಗೆ ನಿಜವಾಗಿಯೂ ನೋವಾಗುತ್ತದೆ. ಕೀರ್ತನೆ ಎರಡು ವಾಚನಗಳ ನಡುವಿನ ಬಿಡುವಲ್ಲ. ಅದೂ ದೇವರ ವಾಕ್ಯವೇ. ಈಗಷ್ಟೇ ಕೇಳಿದ ಮಾತಿಗೆ ನಾವು ಓಗೊಡುವುದು ಅಲ್ಲೇ ಅಲ್ವಾ? ಈಸ್ಟರ್‌ಗೆ ಹಿಂದಿನ ಗರಿಗಳ ಭಾನುವಾರ 22ನೇ ಕೀರ್ತನೆ ಬರುತ್ತದೆ. ಶಿಲುಬೆಯ ಮೇಲೆ ಯೇಸು ಕೂಗಿದ್ದು ಅದರ ಮೊದಲ ಸಾಲನ್ನೇ. ಆ ಜಾಗಕ್ಕೆ ಬೇರೆ ಯಾವ ಹಾಡು ತಂದಿಡುವುದು?

ಚರಣ ನನ್ನದು, ಪ್ರತಿ ಚರಣದ ಮೇಲೆ ಮತ್ತೆ ಮತ್ತೆ ಬರುವ ಶ್ಲೋಕ ಜನರದ್ದು. ಹಿಂದಿನ ಬೆಂಚಿನಲ್ಲಿ ಕೂರುವ ವಯಸ್ಸಾದವರ ದನಿ ಯಾವಾಗಲೂ ಸ್ವಲ್ಪ ತಡವಾಗಿ ಬರುತ್ತದೆ. ಅದು ಮುಗಿಯುವ ತನಕ ನಾನು ಮುಂದಿನ ಚರಣ ಎತ್ತುವುದಿಲ್ಲ.