ಒದ್ದ ಮಗುವಿನ ಮೇಲೆ ಪೊಲೀಸರಿಗೆ ಹೇಳುವ ಮುಂಚೆ

ನಾನು ಪ್ರಾಥಮಿಕ ಶಾಲೆಯಲ್ಲಿ ಕೌನ್ಸೆಲರ್. ಮಗು ಒದ್ದಿತು, ಕಚ್ಚಿತು, ಕುರ್ಚಿ ಎಸೆಯಿತು ಅಂದ್ರೆ ಮೊದಲು ನನ್ನನ್ನೇ ಕರೆಯುತ್ತಾರೆ. ಆಗೆಲ್ಲ ಒಂದು ಮಾತು ಕಿವಿಗೆ ಬೀಳುತ್ತದೆ: "ಪೊಲೀಸರಿಗೆ ಹೇಳಿಬಿಡೋಣ ಮೇಡಂ, ಒಂದ್ಸಲ ಹೆದರಿದ್ರೆ ಬುದ್ಧಿ ಬರುತ್ತೆ." ಹಾಗೆ ಹೇಳುವವರು ಕೆಟ್ಟವರಲ್ಲ, ಸೋತು ಸುಸ್ತಾದವರು. ಆದರೂ ಆರೇಳು ವರ್ಷದ ಮಗುವಿಗೆ ಕೇಸು, ಠಾಣೆ ಯಾವ ಬುದ್ಧಿಯನ್ನೂ ಕಲಿಸುವುದಿಲ್ಲ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಇದು ಸುಮ್ನೆ ಬಾಯಿಮಾತಿನ ಬೆದರಿಕೆ ಅಂದುಕೊಳ್ಳಬೇಡಿ. ಅಮೆರಿಕದ ಫ್ಲೋರಿಡಾದಲ್ಲಿ, ಒರ್ಲ್ಯಾಂಡೊ ನಗರದಲ್ಲಿ, 2019ರ ಸೆಪ್ಟೆಂಬರ್‌ನಲ್ಲಿ ಆರು ವರ್ಷದ ಹುಡುಗಿಯನ್ನು ಶಾಲೆಯಿಂದಲೇ ಬಂಧಿಸಿದರು. ಸಿಬ್ಬಂದಿಗೆ ಒದ್ದಳು ಅನ್ನೋದು ಆರೋಪ. ಪುಟ್ಟ ಕೈಗಳಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದು ಕರೆದುಕೊಂಡು ಹೋದರು. ಆಮೇಲೆ ಕೇಸು ಕೈಬಿಟ್ಟರು, ಬಂಧಿಸಿದ ಅಧಿಕಾರಿಯ ಕೆಲಸವೂ ಹೋಯಿತು. 2021ರಲ್ಲಿ ಆ ರಾಜ್ಯ ಒಂದು ಕಾನೂನು ಮಾಡಿತು. ತೀರಾ ಗಂಭೀರವಾದ ಹಿಂಸೆಯ ಅಪರಾಧ ಅಲ್ಲದಿದ್ದರೆ ಏಳಕ್ಕಿಂತ ಚಿಕ್ಕವರನ್ನು ಬಂಧಿಸುವಂತಿಲ್ಲ. ಬರೀ ಏಳು! ಎಂಟು ವರ್ಷದ ಮಗುವಿಗೆ ಅಲ್ಲಿ ಈ ರಕ್ಷಣೆಯೂ ಇಲ್ಲ. ಮಗು ಮಾಡಿದ್ದನ್ನು ಅಪರಾಧ ಅಂತ ಪರಿಗಣಿಸಲು ಇರಬೇಕಾದ ಕನಿಷ್ಠ ವಯಸ್ಸು ಇಂಗ್ಲೆಂಡಿನಲ್ಲಿ 10, ಸ್ಕಾಟ್ಲೆಂಡಿನಲ್ಲಿ 12, ಜರ್ಮನಿಯಲ್ಲಿ 14. ಎಲ್ಲ ದೇಶಗಳಲ್ಲೂ ಕಡಿಮೆ ಅಂದ್ರೂ 14 ಇರಲಿ ಅಂತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2019ರಲ್ಲಿ ಹೇಳಿತು.

ಭಾರತದ ಕಾನೂನಿನಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ಒಂದು ವಿಷಯ ಇದೆ. ಭಾರತೀಯ ನ್ಯಾಯ ಸಂಹಿತೆಯ 20ನೇ ಸೆಕ್ಷನ್ ಪ್ರಕಾರ ಏಳು ತುಂಬದ ಮಗು ಏನು ಮಾಡಿದರೂ ಅಪರಾಧವಲ್ಲ. ಏಳರಿಂದ ಹನ್ನೆರಡರವರೆಗೆ 21ನೇ ಸೆಕ್ಷನ್ ಬರುತ್ತದೆ. ತಾನು ಮಾಡಿದ್ದು ಏನು, ಅದರಿಂದ ಏನಾಗುತ್ತದೆ ಅಂತ ತಿಳಿಯುವಷ್ಟು ಬುದ್ಧಿ ಆ ಹೊತ್ತಿನಲ್ಲಿ ಮಗುವಿಗೆ ಬಲಿತಿತ್ತಾ ಅಂತ ಅದು ಕೇಳುತ್ತದೆ. ಹಳೆಯ ದಂಡ ಸಂಹಿತೆಯಲ್ಲೂ ಇದೇ ಇತ್ತು. ಕೋರ್ಟೇ ಕೇಳುವ ಈ ಪ್ರಶ್ನೆಯನ್ನು ಶಾಲೆಯಲ್ಲಿ ನಾವು ಕೇಳುವುದೇ ಕಡಿಮೆ.

ನಮ್ಮ ವರದಿಗಳನ್ನೇ ನೋಡಿ. ಎಲ್ಲ ಶುರುವಾಗುವುದು ಒದ್ದ ಕ್ಷಣದಿಂದ. ಎರಡನೇ ತರಗತಿಯ ಹುಡುಗನೊಬ್ಬ ಕಂಪಾಸ್ ಬಾಕ್ಸ್ ಎಸೆದ, ಅದು ಟೀಚರ್ ಮಣಿಕಟ್ಟಿಗೆ ಬಡಿದು ಊದಿಕೊಂಡಿತು. ವರದಿಯಲ್ಲಿ ಇದ್ದದ್ದು ಅಷ್ಟೇ. ನಾನು ಅವನ ಪಕ್ಕ ನೆಲದ ಮೇಲೆ ಕೂತೆ, ಏನೂ ಕೇಳಲಿಲ್ಲ. ಅವನು ಶೂ ಲೇಸನ್ನು ಬೆರಳಿಗೆ ಸುತ್ತುತ್ತಲೇ ಇದ್ದ, ಬೆರಳ ತುದಿ ಕೆಂಪಾಗುವಷ್ಟು. ತುಂಬಾ ಹೊತ್ತಾದ ಮೇಲೆ, "ನನ್ನ ಜಾಗ ಇರ್ಲಿಲ್ಲ ಮಿಸ್" ಅಂದ. ಅವತ್ತು ಬೆಳಿಗ್ಗೆ ಎಲ್ಲರ ಜಾಗ ಬದಲಾಗಿತ್ತು. ಅವನು ಬಾಗಿಲ ಹತ್ತಿರ ಬಂದಿದ್ದ, ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಕಿವಿಯಿಂದ ಕೈ ತೆಗಿ ಅಂತ ಮೂರು ನಾಲ್ಕು ಸಲ ಹೇಳಿಸಿಕೊಂಡಿದ್ದ. ಆಮೇಲೆ ಬಾಕ್ಸ್ ಹಾರಿತು. ಎಸೆದದ್ದು ತಪ್ಪೇ, ಅದನ್ನು ಅವನಿಗೂ ಹೇಳಿದೆ. ಆದರೆ ಇದರಲ್ಲಿ ಪೊಲೀಸರು ಬಂದು ಏನು ಮಾಡಬೇಕು ಹೇಳಿ? ಅವನಿಗೆ ಹಳೆಯ ಜಾಗ ಕೊಟ್ಟೆವು. ತಡೆಯಲಾಗದಿದ್ದರೆ ಕೈ ಎತ್ತಿ ಹೊರಗೆ ಹೋಗಬಹುದು ಅಂತ ಹೇಳಿಕೊಟ್ಟೆವು. ಅವನೇ ಐಸ್ ಪ್ಯಾಕ್ ತಂದು ಟೀಚರ್ ಕೈಗೆ ಕೊಟ್ಟ.

ಅಂದಿನಿಂದ ನಾನು ವರದಿ ಬರೆಯುವವರಿಗೆ ಕೇಳುವುದು ಮೊದಲ ಸಾಲಿನಲ್ಲೇ ಹಿಂದಿನ ಅರ್ಧ ಗಂಟೆ ಬರಲಿ ಅಂತ. ಯಾರು ಎಲ್ಲಿದ್ದರು, ಏನು ಬದಲಾಗಿತ್ತು, ದೊಡ್ಡವರು ಏನು ಹೇಳಿದರು. ಅದನ್ನು ಬರೆಯಲು ಕೂತವರ ಕೋಪ ಅರ್ಧಕ್ಕರ್ಧ ಇಳಿಯುವುದನ್ನು ನಾನೇ ನೋಡಿದ್ದೇನೆ.

ಕೆಲಸ ನನಗೆ ಕಲಿಸಿದ ದೊಡ್ಡ ವಿಷಯ ಮಾತ್ರ ಟೀಚರ್ ಕಡೆಯದು. ಪೊಲೀಸರನ್ನು ಕರೆಯಿರಿ ಅನ್ನುವವರಲ್ಲಿ ಹೆಚ್ಚಿನವರಿಗೆ ಮಗುವಿಗೆ ಶಿಕ್ಷೆ ಆಗಬೇಕು ಅಂತೇನೂ ಇರುವುದಿಲ್ಲ. ನನಗೆ ನೋವಾಯಿತು, ಯಾರೂ ಕೇಳಲಿಲ್ಲ ಅನ್ನುವ ಸಂಕಟ ಇರುತ್ತದೆ. ಊದಿದ ಕೈ ಹಿಡಿದುಕೊಂಡೇ ಮುಂದಿನ ಪೀರಿಯಡ್ ಪಾಠ ಮಾಡಬೇಕು ಅಂದ್ರೆ ಯಾರಿಗಾದರೂ ಹೊಟ್ಟೆ ಉರಿಯುತ್ತೆ ಅಲ್ವಾ? ಹಾಗಾಗಿ ಟೀಚರ್‌ಗೆ ಆದ ಗಾಯಕ್ಕೆ ಬೇರೆಯೇ ವರದಿ ಬೇಕು. ಅವತ್ತೇ ಡಾಕ್ಟರ್‌ಗೆ ತೋರಿಸಬೇಕು, ಉಳಿದ ಪೀರಿಯಡ್‌ಗೆ ಬೇರೆಯವರು ಹೋಗಬೇಕು, ಸಂಜೆ ಮುಖ್ಯೋಪಾಧ್ಯಾಯರೇ ಬಂದು ವಿಚಾರಿಸಬೇಕು. ಆ ಟೀಚರ್‌ಗೆ ಇಷ್ಟನ್ನೂ ಮಾಡಿದೆವು. ಮಾರನೇ ದಿನ ಅವರೇ ನನ್ನ ಕೋಣೆಗೆ ಬಂದು, ಹುಡುಗನ ಜಾಗ ಕಿಟಕಿ ಪಕ್ಕಕ್ಕೆ ಹಾಕಿದ್ರೆ ಇನ್ನೂ ಒಳ್ಳೇದಾ ಅಂತ ಕೇಳಿದರು.