ಕರಿಯ ಎದ್ದು ನಿಂತ ರಾತ್ರಿ

ಬೆಳಗಿನ ಜಾವ ಮೂರೂವರೆ ಇರ್ಬೇಕು, ಮಂಚದ ಪಕ್ಕ ಮಲಗಿದ್ದ ನಮ್ಮ ನಾಯಿ ಕರಿಯ ದಡಕ್ಕನೆ ಎದ್ದು ಕಿವಿ ನಿಮಿರಿಸ್ಕೊಂಡು ನೆಲಾನೇ ನೋಡ್ತಾ ನಿಂತ. ಬೊಗಳಲಿಲ್ಲ, ಗಂಟಲಲ್ಲೇ ಗುರ್ ಅಂದ ಅಷ್ಟೆ. ನಿದ್ದೆ ಬರದೆ ಫೋನ್ ನೋಡ್ತಿದ್ದ ನಾನು ಹೆಗ್ಗಣ ಬಂತೇನೋ ಅಂದ್ಕೊಂಡು ಟಾರ್ಚ್ ಹಾಕೋಷ್ಟರಲ್ಲಿ ಬೀರು ಬಾಗಿಲು ಗಡಗಡ ಅಂತು, ಲೋಟದ ನೀರು ತುಳುಕ್ತು, ಮಂಚ ಯಾರೋ ಹಿಡಿದು ಅಲ್ಲಾಡಿಸಿದ ಹಾಗಾಯ್ತು. ಅಷ್ಟೇ, ನಿಂತೋಯ್ತು. ಯಾರಿಗೂ ಏನೂ ಆಗ್ಲಿಲ್ಲ ಪುಣ್ಯಕ್ಕೆ.

ಬೆಳಗಾಗೋಷ್ಟರಲ್ಲಿ ಕರಿಯ ದೊಡ್ಡ ಜ್ಯೋತಿಷಿ ಆಗಿದ್ದ! "ಎರಡು ದಿನದಿಂದ ಸರಿಯಾಗಿ ತಿಂದಿರ್ಲಿಲ್ಲ ಕಣೋ, ಅವನಿಗೆ ಮೊದ್ಲೇ ಗೊತ್ತಾಗಿದೆ" ಅಂದ್ರು ಅಮ್ಮ. ಪಕ್ಕದ ಮನೆಯವರಿಗೆ ನಿನ್ನೆಯಿಂದ ಒಂದು ಕಾಗೆನೂ ಕಂಡಿಲ್ವಂತೆ. ತಿಂದಿರ್ಲಿಲ್ಲ ಅನ್ನೋದೇನೋ ನಿಜ, ಆದ್ರೆ ಹಿಂದಿನ ತಿಂಗಳು ಹೊಟ್ಟೆ ಕೆಟ್ಟು ಮೂರು ದಿನ ಬಿಟ್ಟಿದ್ನಲ್ಲ, ಆಗ ಭೂಮಿ ನಡುಗಲಿಲ್ಲ, ಹಂಗಾಗಿ ಅದು ಯಾರಿಗೂ ನೆನಪಿಲ್ಲ.

ಆ ಮೇಲೆ ನಾನು ಸುಮ್ನೆ ಕೂರ್ಲಿಲ್ಲ, ಸಿಕ್ಕಿದ್ದೆಲ್ಲಾ ಓದಿದೆ. ಎಲ್ರೂ ಹೇಳೋದು ಚೀನಾದ ಹೈಚೆಂಗ್ ಕಥೆ, 1975ರ ಫೆಬ್ರವರಿ, ಕೊರೆಯೋ ಚಳಿಯಲ್ಲಿ ಹಾವುಗಳು ಬಿಲದಿಂದ ಆಚೆ ಬಂದು ಹೆಪ್ಪುಗಟ್ಟಿ ಸತ್ವಂತೆ, ಜನರನ್ನ ಮನೆ ಬಿಡಿಸಿದ್ರು, 7.3 ತೀವ್ರತೆಯ ಭೂಕಂಪ ಆದ್ರೂ ಎಷ್ಟೋ ಜೀವ ಉಳೀತು. ಕಥೆ ಹೇಳೋರು ಬಿಟ್ಬಿಡೋ ಒಂದು ವಿಷ್ಯ ಅಂದ್ರೆ ಅದಕ್ಕೂ ಮೊದ್ಲೇ ಅಲ್ಲಿ ಚಿಕ್ಕ ಚಿಕ್ಕ ಕಂಪನಗಳು ಸಾಲಾಗಿ ಆಗಿದ್ವು, ಎಚ್ಚರಿಕೆ ಕೊಡೋಕೆ ಮುಖ್ಯ ಕಾರಣ ಅದೇ. ಮಾರನೇ ವರ್ಷ ಜುಲೈನಲ್ಲಿ ಅದೇ ದೇಶದ ತಾಂಗ್‌ಶಾನ್‌ನಲ್ಲಿ ಬೆಳಗಿನ ಜಾವ 3.42ಕ್ಕೆ ಆಯ್ತು, ಯಾವ ಎಚ್ಚರಿಕೆನೂ ಇರ್ಲಿಲ್ಲ, 2.4 ಲಕ್ಷಕ್ಕೂ ಹೆಚ್ಚು ಜನ ಹೋದ್ರು. ಅಲ್ಲೂ ನಾಯಿಗಳಿದ್ವಲ್ಲ ಅನ್ಸಿ ಒಂಥರಾ ಆಯ್ತು.

ಹಾಗಂತ ಕರಿಯ ಸುಮ್ಸುಮ್ನೆ ಎದ್ದ ಅಂತನೂ ನಾನು ಹೇಳಲ್ಲ. ಭೂಕಂಪ ಆದಾಗ ಮೊದ್ಲು ಬರೋದು ಪಿ ಅಲೆ, ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ವೇಗ, ತುಂಬಾ ಮೆಲ್ಲಗಿರುತ್ತೆ, ನಮಗೆ ಎಷ್ಟೋ ಸಲ ಗೊತ್ತೇ ಆಗಲ್ಲ. ಬೀರು ಅಲ್ಲಾಡಿಸೋ ಎಸ್ ಅಲೆ ಹಿಂದಿಂದ ಸುಮಾರು ಮೂರೂವರೆ ಕಿಲೋಮೀಟರ್ ವೇಗದಲ್ಲಿ ಬರುತ್ತೆ. ಅವತ್ತಿನ ಕೇಂದ್ರ ನಮ್ಮಿಂದ ಸುಮಾರು 40 ಕಿಲೋಮೀಟರ್, ಲೆಕ್ಕ ಹಾಕಿದ್ರೆ ಎರಡಕ್ಕೂ ನಾಲ್ಕೈದು ಸೆಕೆಂಡ್ ಅಂತರ. ನಾನು ಟಾರ್ಚ್ ಹಾಕೋಕೆ ತಗೊಂಡ ಟೈಮೂ ಹೆಚ್ಚುಕಡಿಮೆ ಅಷ್ಟೇ! ಹೊಟ್ಟೆ ನೆಲಕ್ಕೆ ಅಂಟಿಸಿ ಮಲಗಿದ್ದವನಿಗೆ ಆ ಮೊದಲನೇದು ತಾಗಿರುತ್ತೆ. ಎರಡು ದಿನ ಮುಂಚೆ ಅನ್ನೋದನ್ನ ಮಾತ್ರ ನಾನು ನಂಬಲ್ಲ.

ಇಟಲಿಯ ಒಂದು ಫಾರ್ಮ್‌ನಲ್ಲಿ ಹಸು, ಕುರಿ, ನಾಯಿಗಳಿಗೆ ಸೆನ್ಸರ್ ಕಟ್ಟಿ 2016-17ರಲ್ಲಿ ಅವುಗಳ ಓಡಾಟ ಅಳೆದಿದ್ದಾರೆ, ಕಂಪನಕ್ಕೆ ಎಷ್ಟೋ ಗಂಟೆ ಮೊದ್ಲೇ ಚಡಪಡಿಸಿದ್ವು ಅಂತಾರೆ, ಆದ್ರೆ ಪ್ರಾಣಿಗಳು ಇದ್ದಿದ್ದೇ ಹತ್ತು ಹದಿನೈದು. ನಾನೂ ಒಂದು ನೋಟ್‌ಬುಕ್ ಇಟ್ಟೆ, ಕರಿಯ ವಿಚಿತ್ರವಾಗಿ ಆಡಿದಾಗೆಲ್ಲಾ ತಾರೀಕು, ಟೈಮು. ಮೂರು ತಿಂಗಳಲ್ಲಿ ಎರಡು ಪುಟ ತುಂಬ್ತು, ಭೂಮಿ ಒಂದ್ಸಲನೂ ಮಿಸುಕಲಿಲ್ಲ.

ಕೊನೇ ಸಲ ಬರೆದಿದ್ದು ಹೋದ ವಾರ. ಮತ್ತೆ ಅದೇ ಥರ ದಡಕ್ಕನೆ ಎದ್ದ, ಗುರ್ ಅಂದ. ನಾನು ಅಮ್ಮನ್ನ ಎಬ್ಬಿಸ್ಕೊಂಡು ಅಂಗಳಕ್ಕೆ ಓಡಿ ನಿಂತೆ, ಒಂದು ನಿಮಿಷ, ಎರಡು ನಿಮಿಷ, ಏನೂ ಇಲ್ಲ. ಒಳಗೆ ಬಂದು ಟಾರ್ಚ್ ಹಾಕಿದ್ರೆ ಬೀರು ಕೆಳಗೆ ಹೆಗ್ಗಣ.