ಅಳಿಸಿದ್ರೂ ಹೋಗದೆ ಕೂತಿದ್ದ ಫೈಲು

ಬುಧವಾರ, ಮಾರ್ಚ್ 12, 2025, ರಾತ್ರಿ 11 ಗಂಟೆ

ಇವತ್ತು ನಡೆದಿದ್ದನ್ನ ಮಲಗೋಕೆ ಮುಂಚೆ ಬರೆದಿಟ್ಬಿಡ್ತೀನಿ, ನಾಳೆ ಬರೀತೀನಿ ಅಂದ್ರೆ ಅರ್ಧ ಮರ್ತೋಗತ್ತೆ.

ಬೆಳಗ್ಗೆ ನಮ್ಮ ಲಿನಕ್ಸ್ ಸರ್ವರ್‌ಗೆ ಲಾಗಿನ್ ಆಗ್ತಿದ್ದ ಹಾಗೇ ಡಿಸ್ಕ್ ಫುಲ್ ಅಂತ ಅಲರ್ಟ್ ಬಂದಿತ್ತು. ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸೋ ಡಿಎಫ್ ಕಮಾಂಡ್ ಹೊಡೆದು ನೋಡ್ದೆ, ನೂರಕ್ಕೆ ನೂರು. ಯಾವುದು ಎಷ್ಟು ಜಾಗ ತಿಂದಿದೆ ಅಂತ ಹೇಳೋ ಡಿಯು ಹಾಕ್ಕೊಂಡು ಒಂದೊಂದೇ ಡೈರೆಕ್ಟರಿ (ಫೋಲ್ಡರ್) ಒಳಗೆ ಇಳೀತಾ ಹೋದ್ರೆ ಕೊನೆಗೆ ಸಿಕ್ಕಿದ್ದು ಒಂದೇ ಒಂದು ಲಾಗ್ ಫೈಲು (ಪ್ರೋಗ್ರಾಮ್ ತಾನು ಮಾಡಿದ್ದನ್ನೆಲ್ಲ ಬರ್ಕೊಳ್ಳೋ ಫೈಲು), 38 ಜಿಬಿ. ಹೋದ ವಾರ ಒಂದು ತೊಂದರೆ ಹುಡುಕೋಕೆ ಅಂತ ನಾನೇ ಡೀಬಗ್ (ಎಲ್ಲಾನೂ ವಿವರವಾಗಿ ಲಾಗಿಗೆ ಬರೆಸೋ ಸೆಟ್ಟಿಂಗ್) ಆನ್ ಮಾಡಿದ್ದೆ, ಆಫ್ ಮಾಡಿರ್ಲಿಲ್ಲ. ಸರಿ ಅಂತ ಆ ಫೈಲಿಗೆ ಅಳಿಸೋ ಕಮಾಂಡ್ ಆರ್‌ಎಂ ಕೊಟ್ಟೆ. ಕ್ಷಣದಲ್ಲಿ ಪ್ರಾಂಪ್ಟ್ ವಾಪಸ್ ಬಂತು, ಫೈಲುಗಳ ಪಟ್ಟಿ ತೋರಿಸೋ ಎಲ್‌ಎಸ್ ಮಾಡಿದ್ರೆ ಫೈಲು ಇಲ್ಲ. ಮತ್ತೆ ಡಿಎಫ್ ಹೊಡೆದ್ರೆ ಇನ್ನೂ ನೂರಕ್ಕೆ ನೂರು! ಒಂದು ಬೈಟೂ ಖಾಲಿ ಆಗಿಲ್ಲ.

ಇದು ಯಾಕೆ ಹೀಗೆ ಅಂತ ಓದಿ ಗೊತ್ತಿತ್ತು, ಆದ್ರೆ ಇವತ್ತೇ ಅದು ಮೈಗೆ ಹತ್ತಿದ್ದು. ಆರ್‌ಎಂ ಫೈಲನ್ನ ಅಳಿಸಲ್ಲ, ಫೈಲಿನ ಹೆಸರನ್ನ ಅಳಿಸತ್ತೆ. ಯುನಿಕ್ಸ್ ಥರದ ಸಿಸ್ಟಂಗಳಲ್ಲಿ ಡೈರೆಕ್ಟರಿ ಅಂದ್ರೆ ಒಂದು ಪಟ್ಟಿ ಅಷ್ಟೇ, ಒಂದ್ಕಡೆ ಹೆಸರು, ಅದರ ಪಕ್ಕ ಐನೋಡ್ ನಂಬರ್, ಅಂದ್ರೆ ಫೈಲಿನ ಅಸಲಿ ದಾಖಲೆಯ ನಂಬರ್. ನಿಜವಾದ ಫೈಲು ಆ ಐನೋಡ್ ಹತ್ರ ಇರತ್ತೆ. ಆರ್‌ಎಂ ಮಾಡೋ ಸಿಸ್ಟಂ ಕಾಲ್ (ಆಪರೇಟಿಂಗ್ ಸಿಸ್ಟಂಗೆ ಕೊಡೋ ಕೋರಿಕೆ) ಹೆಸರೇ ಅನ್‌ಲಿಂಕ್, ಪಟ್ಟಿಯಿಂದ ಆ ಸಾಲು ತೆಗೆದು ಲಿಂಕ್ ಲೆಕ್ಕ (ಆ ಫೈಲಿಗೆ ಎಷ್ಟು ಹೆಸರಿವೆ ಅನ್ನೋ ಲೆಕ್ಕ) ಒಂದು ಕಮ್ಮಿ ಮಾಡೋದು. ಲೆಕ್ಕ ಸೊನ್ನೆ ಆಗ್ಬೇಕು, ಜೊತೆಗೆ ಯಾವ ಪ್ರೋಗ್ರಾಮೂ ಅದನ್ನ ತೆರೆದಿಟ್ಕೊಂಡಿರಬಾರದು, ಎರಡೂ ಆದ್ಮೇಲೇನೇ ಜಾಗ ಖಾಲಿ ಆಗೋದು. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ಹುಡುಗ ಕ್ಲಾಸಿಂದ ಎದ್ದು ಹೋಗಲ್ವಲ್ಲ, ಹಾಗೆ. ಲಾಗ್ ಬರೆಯೋ ನಮ್ಮ ಸರ್ವಿಸ್ (ಹಿನ್ನೆಲೆಯಲ್ಲಿ ಸದಾ ಓಡ್ತಿರೋ ಪ್ರೋಗ್ರಾಮ್) ಆ ಫೈಲನ್ನ ತೆರೆದಿಟ್ಕೊಂಡು ಇನ್ನೂ ಅದ್ರಲ್ಲೇ ಬರೆಯೋಕೆ ನೋಡ್ತಾ ಇತ್ತು.

(ಇದೇ ಕಾರಣಕ್ಕೆ ಇನ್ನೊಂದು ವಿಷಯ, ಓದೋಕೆ ಮಾತ್ರ ಪರ್ಮಿಶನ್ ಇರೋ ಫೈಲನ್ನೂ ಆರಾಮಾಗಿ ಅಳಿಸಬಹುದು, ಯಾಕಂದ್ರೆ ಬದಲಾಗ್ತಿರೋದು ಫೈಲಲ್ಲ, ಅದಿರೋ ಡೈರೆಕ್ಟರಿ. ಬರೆಯೋ ಪರ್ಮಿಶನ್ ಬೇಕಾಗಿರೋದು ಡೈರೆಕ್ಟರಿ ಮೇಲೆ. ಎಲ್ಲರೂ ಬಳಸೋ ಟೆಂಪ್ ಡೈರೆಕ್ಟರಿಗೆ ಸ್ಟಿಕಿ ಬಿಟ್ (ಬೇರೆಯವರ ಫೈಲು ಅಳಿಸೋಕೆ ಬಿಡದ ಗುರುತು) ಹಾಕಿರೋದೂ ಇದಕ್ಕೇ, ಇಲ್ದಿದ್ರೆ ಒಬ್ಬರ ಫೈಲನ್ನ ಇನ್ನೊಬ್ಬರು ತೆಗೆದುಬಿಡ್ತಿದ್ರು.)

ಸರ್ವಿಸ್ ರೀಸ್ಟಾರ್ಟ್ ಮಾಡಿದ್ರೆ ಜಾಗ ಬಿಡುಗಡೆ ಆಗತ್ತೆ, ಅಷ್ಟೇ ತಾನೇ ಅಂತ ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತೋದೊಂದೇ ಬಾಕಿ, ಅಷ್ಟ್ರಲ್ಲಿ ಟೀಮಿನ ಹುಡುಗಿ ಮೆಸೇಜ್ ಮಾಡಿದ್ಳು, "ಸರ್, ರಾತ್ರಿ ಎರಡರಿಂದ ಮೂರು ಗಂಟೆ ತನಕ ಲಾಗ್ ಬೇಕಿತ್ತು, ಆ ಫೇಲ್ ಆದ ರಿಕ್ವೆಸ್ಟ್‌ಗಳು ಅದ್ರಲ್ಲೇ ಇರೋದು" ಅಂತ. ಎದೆ ಧಸಕ್ ಅಂತು. ಎಂಟರ್ ಒತ್ತಿದ್ರೆ ಮುಗೀತಿತ್ತು, ಕಮಾಂಡ್ ಲೈನಲ್ಲಿ ರೀಸೈಕಲ್ ಬಿನ್ ಇಲ್ಲ.

ಟೈಪ್ ಮಾಡಿದ್ದನ್ನ ಅಳಿಸಿ ಎಲ್‌ಎಸ್‌ಒಎಫ್ +ಎಲ್1 ಕೊಟ್ಟೆ, ಲಿಂಕ್ ಲೆಕ್ಕ ಒಂದಕ್ಕಿಂತ ಕಮ್ಮಿ ಇರೋ ತೆರೆದ ಫೈಲುಗಳನ್ನ ಅದು ತೋರಿಸತ್ತೆ. ನನ್ನ ಫೈಲು ಅಲ್ಲಿ ಕೂತಿತ್ತು, ಪ್ರಾಸೆಸ್ (ಓಡ್ತಿರೋ ಪ್ರೋಗ್ರಾಮ್) ನಂಬರ್ 2417, ಡಿಸ್ಕ್ರಿಪ್ಟರ್ (ಅದು ತೆರೆದಿರೋ ಫೈಲಿನ ನಂಬರ್) 4, ಪಕ್ಕದಲ್ಲಿ ಡಿಲೀಟೆಡ್ ಅಂತ. ಲಿನಕ್ಸಲ್ಲಿ ಹೀಗೆ ಹೆಸರು ಹೋಗಿರೋ ಫೈಲಿಗೂ ಒಂದು ಬಾಗಿಲು ಇರತ್ತೆ, /ಪ್ರಾಕ್/2417/ಎಫ್‌ಡಿ/4. ಅದನ್ನ ಮಾಮೂಲಿ ಫೈಲಿನ ಥರಾನೇ ಓದಬಹುದು. 38 ಜಿಬಿ ಪೂರ್ತಿ ಕಾಪಿ ಮಾಡೋಕೆ ಜಾಗ ಎಲ್ಲೂ ಇರ್ಲಿಲ್ಲ, ಅದಕ್ಕೆ ಎರಡರಿಂದ ಮೂರು ಗಂಟೆ ತನಕದ ಸಾಲುಗಳನ್ನ ಮಾತ್ರ ಗ್ರೆಪ್ ಮಾಡಿ (ಹುಡುಕಿ ಆರಿಸಿ) ಇನ್ನೊಂದು ಡಿಸ್ಕಿಗೆ ಹಾಕ್ದೆ. ಹತ್ತು ನಿಮಿಷ ಸ್ಕ್ರೀನ್ ನೋಡ್ತಾ ಕೂತಿದ್ದೆ, ನೀರು ಕುಡಿಯೋಕೂ ಏಳ್ಲಿಲ್ಲ. 212 ಎಂಬಿ ಬಂತು. ತೆರೆದು ನೋಡಿದ್ರೆ ಮೊದಲ ಸಾಲು 2:00:00, ಕೊನೆ ಸಾಲು 2:59:59. ಆಮೇಲೆ ಅದೇ ಬಾಗಿಲಿಂದ ಫೈಲಿನ ಉದ್ದ ಸೊನ್ನೆ ಮಾಡ್ದೆ, ಡಿಎಫ್ 41ಕ್ಕೆ ಇಳೀತು, ಸರ್ವಿಸ್ ನಿಲ್ಲಿಸೋ ಅಗತ್ಯಾನೇ ಬೀಳ್ಲಿಲ್ಲ. ಬೆಳಗ್ಗೆ ಯಾಕಪ್ಪಾ ಜಾಗ ಬಿಡ್ತಿಲ್ಲ ಅಂತ ಸಿಟ್ಟು ಬಂದಿತ್ತಲ್ಲ, ಅದು ಬಿಡದೇ ಇದ್ದಿದ್ರಿಂದಾನೇ ಲಾಗ್ ಉಳೀತು.

ಮಧ್ಯಾಹ್ನ ಆ ಹುಡುಗಿನ ಪಕ್ಕದಲ್ಲಿ ಕೂರಿಸ್ಕೊಂಡು ಹಳೇ ಬಿಲ್ಡ್ ಡೈರೆಕ್ಟರಿಗಳನ್ನ ಕ್ಲೀನ್ ಮಾಡ್ದೆ. ಖಾಲಿ ಡೈರೆಕ್ಟರಿಗೆ ಆರ್‌ಎಂಡಿರ್ ಸಾಕು, ಒಳಗೆ ಏನಾದ್ರೂ ಇದ್ರೆ ಅದು ಅಳಿಸೋಕೆ ಒಪ್ಪಲ್ಲ, ನನಗೆ ಆ ಗುಣ ಬಹಳ ಇಷ್ಟ. ತುಂಬಿರೋದಕ್ಕೆ ಆರ್‌ಎಂ -ಆರ್ ಬೇಕು. "ಎಲ್ಲರೂ -ಆರ್‌ಎಫ್ ಅಂತಾರಲ್ಲ ಸರ್, ಎಫ್ ಯಾಕೆ" ಅಂದ್ಳು. ಎಫ್ ಅಂದ್ರೆ ಕೇಳಬೇಡ, ಇಲ್ಲದ ಫೈಲ್ ಕೊಟ್ರೂ ಗೊಣಗಬೇಡ ಅಂತ. ಅಪಾಯ ಇರೋದೇ ಅಲ್ಲಿ. ಟರ್ಮಿನಲಲ್ಲಿ ಎರಡು ಸಾಲು ಬರೆದು ತೋರಿಸ್ದೆ, ಎಂಟರ್ ಒತ್ತದೆ:

ಆರ್‌ಎಂ -ಆರ್‌ಎಫ್ ಬಿಲ್ಡ್_*
ಆರ್‌ಎಂ -ಆರ್‌ಎಫ್ ಬಿಲ್ಡ್_ *

ಎರಡನೇದ್ರಲ್ಲಿ ಒಂದು ಸ್ಪೇಸ್ ಜಾಸ್ತಿ ಇದೆ. ಸ್ಟಾರ್ ಅಂದ್ರೆ ಆ ಜಾಗದಲ್ಲಿ ಏನಿದ್ರೂ ಸರಿ ಅಂತ, ಅದನ್ನ ಹೆಸರುಗಳಾಗಿ ಬಿಡಿಸೋದು ಆರ್‌ಎಂ ಅಲ್ಲ, ಶೆಲ್ಲು (ಟೈಪ್ ಮಾಡಿದ ಕಮಾಂಡ್ ಓದಿ ಓಡಿಸೋ ಪ್ರೋಗ್ರಾಮ್). ಹಾಗಾಗಿ ಬಿಲ್ಡ್_ ಅಂತ ಯಾವುದೂ ಇಲ್ಲ ಅಂತ ಎಫ್ ಸುಮ್ನಾಗತ್ತೆ, ಸ್ಟಾರ್ ಅಲ್ಲಿರೋ (ಚುಕ್ಕಿಯಿಂದ ಶುರುವಾಗೋದು ಬಿಟ್ಟು) ಎಲ್ಲಾ ಹೆಸರಾಗತ್ತೆ, ಅದೆಲ್ಲಾ ಹೋಗತ್ತೆ. ಅವಳು ಸ್ಕ್ರೀನಿಗೆ ಮುಖ ಹತ್ರ ತಂದು ಆ ಸ್ಪೇಸನ್ನೇ ನೋಡ್ತಾ ಇದ್ಳು. ಅದೇ ಸ್ಟಾರನ್ನ ಮೊದ್ಲು ಎಲ್‌ಎಸ್ -ಡಿಗೆ ಕೊಟ್ಟು ಪಟ್ಟಿ ನೋಡಿ, ಆಮೇಲೆ ಮೇಲಿನ ಬಾಣ ಒತ್ತಿ ಎಲ್‌ಎಸ್ -ಡಿ ಇದ್ದ ಜಾಗಕ್ಕೆ ಆರ್‌ಎಂ -ಆರ್ ಹಾಕು, ಸ್ಟಾರ್ ಮತ್ತೆ ಟೈಪ್ ಮಾಡಬೇಡ ಅಂದೆ. ಆರ್‌ಎಂಗೆ ಅಳಿಸ್ಲಾ ಅಂತ ಪ್ರತಿ ಸಲ ಕೇಳೋ -ಐ ಸೇರಿಸಿ ಏಲಿಯಾಸ್ (ಕಮಾಂಡಿನ ಅಡ್ಡಹೆಸರು) ಮಾಡ್ಕೊಳ್ಳೋದು ನನಗೆ ಸರಿ ಕಾಣಲ್ಲ, ದಿನಾ ವೈ ವೈ ಅಂತ ಒತ್ತಿ ಕೈಗೆ ಅಭ್ಯಾಸ ಆಗೋಗತ್ತೆ, ಆ ಏಲಿಯಾಸ್ ಇಲ್ಲದ ಬೇರೆ ಮಷೀನಿಗೆ ಹೋದ್ರೆ ಕೇಳೋರೇ ಇಲ್ಲ.

ಫೈಲು ಹುಡುಕೋ ಫೈಂಡ್ ಕಮಾಂಡ್ ಬಗ್ಗೆನೂ ಹೇಳ್ದೆ. ಲಕ್ಷಗಟ್ಟಲೆ ಫೈಲಿದ್ದಾಗ ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್ (ಹೆಸರುಗಳ ಪಟ್ಟಿ ತೀರಾ ಉದ್ದ) ಅಂತ ಶೆಲ್ಲು ಕೈ ಎತ್ತಿದ್ರೆ ಫೈಂಡ್ ಜೊತೆ -ಡಿಲೀಟ್ ಬೇಕಾಗತ್ತೆ, ಆದ್ರೆ ಅದು ಸಾಲಿನ ಕೊನೇಲೇ ಇರ್ಬೇಕು. -ನೇಮ್‌ಗಿಂತ ಮೊದ್ಲು ಬರೆದ್ರೆ ಹೆಸರು ನೋಡೋ ಮುಂಚೆನೇ ಅಳಿಸ್ತಾ ಹೋಗತ್ತೆ.

ಸಂಜೆ ಹೊರಡೋ ಹೊತ್ತಿಗೆ ಡೀಬಗ್ ಆಫ್ ಮಾಡಿ, ಹಳೇ ಲಾಗನ್ನ ಆಗಾಗ ಪಕ್ಕಕ್ಕಿಟ್ಟು ಹೊಸದು ಶುರು ಮಾಡೋ ಲಾಗ್‌ರೊಟೇಟ್ ಹಾಕ್ದೆ. ಅಲ್ಲೂ ಇದೇ ಕಥೆ, ಫೈಲಿನ ಹೆಸರು ಬದಲಾಯಿಸಿದ್ರೂ ಸರ್ವಿಸ್ ಹಳೇ ಫೈಲಿಗೇ ಬರೀತಾ ಇರತ್ತೆ, ಹೊಸದನ್ನ ತೆರಿ ಅಂತ ಅದಕ್ಕೆ ಸಿಗ್ನಲ್ ಕಳಿಸ್ಬೇಕು. ಆ ಸಾಲನ್ನ ಅವಳೇ ಬರೆದ್ಳು. ಮೊದಲ ಸಲ ರೊಟೇಟ್ ಆಗೋದು ಇವತ್ತು ರಾತ್ರಿ 12ಕ್ಕೆ, ಇನ್ನೊಂದು ಗಂಟೆ ಎಚ್ಚರ ಇದ್ದು ಎಲ್‌ಎಸ್‌ಒಎಫ್ ಒಂದ್ಸಲ ನೋಡಿ ಮಲಗ್ತೀನಿ.